ರಾತ್ರಿಯ ಪ್ರಯಾಣವೂ ನಮ್ಮವರ ಪ್ರಾಣವೂ

ಊರಿಗೆ ಹೋಗುವ ಕಾಲ ಬಂದಿತೆಂದರೆ ಮುಂಬಯಿಯ ನಮ್ಮ ಹೋಟೆಲುಗಳಲ್ಲಿ ಒಂದು ಪದ್ಧತಿ ನಡೆಯುತ್ತದೆ. ಚೌತಿಯಿರಲಿ, ದೀಪಾವಳಿಯಿರಲಿ, ಊರಿನ ಕೋಲ ಜಾತ್ರೆಯಿರಲಿ, ಮನೆಯಲ್ಲಿ ಮದುವೆಯಿರಲಿ, ಆರೇಳು ಮಂದಿ ಸೇರಿ ಒಂದು ದೊಡ್ಡ ಕಾರನ್ನು ಬಾಡಿಗೆಗೆ ಗೊತ್ತುಮಾಡುತ್ತಾರೆ. ರಾತ್ರಿ ಕೊನೆಯ ಗಿರಾಕಿ ಎದ್ದುಹೋಗಿ, ಮೇಜು ಒರೆಸಿ, ಪಾತ್ರೆ ತೊಳೆದು, ಶಟರು ಎಳೆದ ಮೇಲೆ ಅದೇ ಬೆವರಿನ ಮೈಯಲ್ಲಿ ಆ ಕಾರು ಹತ್ತುತ್ತಾರೆ. ಉಡುಪಿ ಕುಂದಾಪುರದ ಕಡೆಯವರು ಪನವೇಲಿನಿಂದ ಕೊಂಕಣದ ರಸ್ತೆ ಹಿಡಿಯುತ್ತಾರೆ. ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆಯ ಕಡೆಯವರು ಪುಣೆ, ಸಾತಾರ, ಕೊಲ್ಲಾಪುರದ ಮೇಲೆ ಹೋಗುತ್ತಾರೆ. ಮರುದಿನದ ಸಂಬಳ ಉಳಿಯಿತು, ಒಂದು ದಿನದ ರಜೆ ಉಳಿಯಿತು ಎಂಬ ಲೆಕ್ಕ ಎಲ್ಲರಿಗೂ ಸರಿಯೆಂದೇ ತೋರುತ್ತದೆ.

ಈ ಲೆಕ್ಕದಲ್ಲಿ ಒಂದು ಬಾಬತ್ತು ಬಿಟ್ಟುಹೋಗಿದೆ ಎಂದು ಹೇಳುವುದಕ್ಕಾಗಿ ಈ ಸಂಪಾದಕೀಯವನ್ನು ಬರೆಯುತ್ತಿದ್ದೇವೆ. ಬಿಟ್ಟುಹೋದ ಬಾಬತ್ತು ಲಾರಿಯದು. ನಮ್ಮ ಬಂಧುಗಳ ಕಾರು ಹೊರಡುವ ಹೊತ್ತಿಗೇ ದೇಶದ ಸರಕೆಲ್ಲ ರಸ್ತೆಗೆ ಇಳಿದಿರುತ್ತದೆ. ಸಿಮೆಂಟು, ಉಕ್ಕು, ಈರುಳ್ಳಿ, ಎಣ್ಣೆ, ಸಕ್ಕರೆ, ನಮ್ಮ ಹೋಟೆಲಿನ ಅಕ್ಕಿ ಉದ್ದು ಕೂಡ ರಾತ್ರಿಯೇ ಓಡುತ್ತವೆ. ಹಗಲೆಲ್ಲ ದುಡಿದ ಕಾರಿನ ಡ್ರೈವರು ಒಂದು ಕಡೆಯಿಂದ, ಎರಡು ದಿನ ಸರಿಯಾಗಿ ಮಲಗದ ಲಾರಿಯ ಡ್ರೈವರು ಇನ್ನೊಂದು ಕಡೆಯಿಂದ ಬೆಳಗಿನ ಜಾವದಲ್ಲಿ ಎದುರಾಗುತ್ತಾರೆ. ಪತ್ರಿಕೆಗಳಲ್ಲಿ ಮರುದಿನ "ಕಾರು ಲಾರಿ ಡಿಕ್ಕಿ" ಎಂದು ನಾಲ್ಕು ಸಾಲು ಬರುತ್ತದೆ. ನಮ್ಮ ದೃಷ್ಟಿಯಲ್ಲಿ ಅದು ನಿದ್ದೆಗೆಟ್ಟ ಇಬ್ಬರು ಕೂಲಿಕಾರರ ಡಿಕ್ಕಿ.

ಹಣೆಬರಹ ಎಂದು ಇದನ್ನು ತಳ್ಳಿಹಾಕುವ ಅಭ್ಯಾಸ ನಮ್ಮವರಲ್ಲಿ ಬಹಳವಿದೆ. ಆದುದರಿಂದ ಮೊದಲು ಕೆಲವು ಅಂಕಿಗಳನ್ನು ನೋಡೋಣ. ಭಾರತ ಸರಕಾರದ ಸಾರಿಗೆ ಇಲಾಖೆ ಪ್ರಕಟಿಸಿದ ಪ್ರಕಾರ 2022ನೇ ಇಸವಿಯಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಎಂದರೆ ದಿನಕ್ಕೆ 460ಕ್ಕೂ ಹೆಚ್ಚು. ಇವರಲ್ಲಿ 61 ಸಾವಿರಕ್ಕೂ ಮಿಕ್ಕಿ ಜನ ಸತ್ತದ್ದು ರಾಷ್ಟ್ರೀಯ ಹೆದ್ದಾರಿಗಳ ಮೇಲೆ. ದೇಶದ ಒಟ್ಟು ರಸ್ತೆಯ ಉದ್ದದಲ್ಲಿ ಈ ಹೆದ್ದಾರಿಗಳ ಪಾಲು ನೂರಕ್ಕೆ ಎರಡರಷ್ಟು ಮಾತ್ರ, ಸಾವಿನಲ್ಲಿ ನೂರಕ್ಕೆ ಮೂವತ್ತಾರು. ಹಣೆಬರಹವು ಹೆದ್ದಾರಿಯನ್ನೇ ಹುಡುಕಿಕೊಂಡು ಬಂದು ಬರೆಯುವುದಿಲ್ಲ. ಅಲ್ಲಿ ಬೇರೆ ಕಾರಣಗಳಿವೆ.

ಮೊದಲನೆಯ ಕಾರಣ ತೂಕ. ಸಣ್ಣ ಕಾರು ಹೆಚ್ಚುಕಡಮೆ ಒಂದು ಟನ್ನು ತೂಗುತ್ತದೆ. ಎರಡು ಆಕ್ಸಲಿನ ಸಾಮಾನ್ಯ ಲಾರಿ, ಸರಕು ಸೇರಿ, ಹದಿನೆಂಟು ಟನ್ನು ತೂಗಲು ಕಾಯಿದೆಯೇ ಒಪ್ಪಿದೆ. ದೊಡ್ಡ ಟ್ರೈಲರುಗಳ ತೂಕ ಐವತ್ತು ಟನ್ನನ್ನೂ ದಾಟುತ್ತದೆ. 2018ರಲ್ಲಿ ಸರಕಾರ ಈ ತೂಕದ ಮಿತಿಯನ್ನು ಇನ್ನಷ್ಟು ಏರಿಸಿತು. ಒಂದು ಟನ್ನಿನ ಕಾರೂ ಹದಿನೆಂಟು ಟನ್ನಿನ ಲಾರಿಯೂ ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಎದುರುಬದುರಾಗಿ ಹೊಡೆದು ಒಂದಕ್ಕೊಂದು ಕಚ್ಚಿಕೊಂಡವೆಂದು ತಿಳಿಯಿರಿ. ಲಾರಿಯ ವೇಗ 60ರಿಂದ ಸುಮಾರು 54ಕ್ಕೆ ಇಳಿಯುತ್ತದೆ, ಅಷ್ಟೆ. ಕಾರು ಮಾತ್ರ, ಮುಂದಕ್ಕೆ 60ರಲ್ಲಿ ಓಡುತ್ತಿದ್ದುದು, ಕಣ್ಣು ರೆಪ್ಪೆ ಮುಚ್ಚುವುದರೊಳಗೆ ಹಿಂದಕ್ಕೆ 54ರಲ್ಲಿ ತಳ್ಳಲ್ಪಡುತ್ತದೆ. ಲಾರಿಯವನಿಗೆ ಒಂದು ಧಕ್ಕೆ; ಕಾರಿನಲ್ಲಿದ್ದವರ ಗತಿ ರುಬ್ಬುವ ಗುಂಡಿನ ಕೆಳಗೆ ಸಿಕ್ಕ ಉದ್ದಿನ ಕಾಳಿನ ಗತಿ.

ಇಲ್ಲಿ ಬಡವ ಬಲ್ಲಿದನೆಂಬ ಭೇದವಿಲ್ಲ. ರಾಷ್ಟ್ರಪತಿಯಾಗಿದ್ದ ಗ್ಯಾನಿ ಜೈಲ್ ಸಿಂಗರ ಕಾರಿಗೆ 1994ರ ನವೆಂಬರಿನಲ್ಲಿ ಪಂಜಾಬಿನ ಕೀರತ್‌ಪುರ ಸಾಹಿಬದ ಹತ್ತಿರ ಲಾರಿ ಹೊಡೆಯಿತು. ಡಿಸೆಂಬರ್ 25ರಂದು ಅವರು ತೀರಿಕೊಂಡರು. ಕನ್ನಡಿಗರು ಎಂದೂ ಮರೆಯದ ದಿನ 1990ರ ಸೆಪ್ಟೆಂಬರ್ 30. ಹೊನ್ನಾವರದ ಕಡೆ ಹುಟ್ಟಿ, ಇದೇ ಮುಂಬಯಿಯ ರಂಗಭೂಮಿಯಲ್ಲಿ ಪಳಗಿ, ಕನ್ನಡ ಚಿತ್ರರಂಗವನ್ನು ಬೆಳಗಿದ ಶಂಕರನಾಗ್ ದಾವಣಗೆರೆಯ ಹತ್ತಿರದ ಆನಗೋಡಿನಲ್ಲಿ ಕಾರು ಲಾರಿಗಳ ಡಿಕ್ಕಿಯಲ್ಲಿ ಪ್ರಾಣಬಿಟ್ಟರು. ಆಗ ಅವರ ವಯಸ್ಸು ಮೂವತ್ತೈದು. ರಿಕ್ಷಾದ ಹಿಂದೆ ಇಂದಿಗೂ ಅವರ ಪಟ ಅಂಟಿಸಿಕೊಳ್ಳುವ ನಾವು, ಅವರನ್ನು ಕೊಂಡೊಯ್ದ ರಸ್ತೆಯ ವಿಚಾರವನ್ನು ಎಷ್ಟು ಯೋಚಿಸಿದ್ದೇವೆ?

ಕಾರಿನ ಬೆಲೆಯೂ ತೂಕದ ಮುಂದೆ ನಿಲ್ಲುವುದಿಲ್ಲ. 2024ರ ಡಿಸೆಂಬರ್ 21ರಂದು ಬೆಂಗಳೂರಿನ ಹೊರಗೆ ನೆಲಮಂಗಲದ ಹತ್ತಿರ, ಎದುರು ರಸ್ತೆಯಲ್ಲಿ ಬರುತ್ತಿದ್ದ ಕಂಟೇನರ್ ಲಾರಿ ನಡುವಿನ ವಿಭಜಕವನ್ನು ದಾಟಿ ಒಂದು ಕಾರಿನ ಮೇಲೆ ಮಗುಚಿಬಿತ್ತು. ಅತ್ಯಂತ ಭದ್ರವೆಂದು ಹೆಸರಾದ, ಬಹಳ ಬೆಲೆಯ ಕಾರು ಅದು. ಒಂದೇ ಮನೆಯ ಆರು ಜನ, ಮಕ್ಕಳೂ ಸೇರಿ, ಅದರೊಳಗೇ ತೀರಿಹೋದರು. ಹೀಗಿರುವಲ್ಲಿ ಏಳು ಜನ ಕೂರುವಲ್ಲಿ ಹತ್ತು ಜನ ಕುಳಿತು, ತಲೆಯ ಮೇಲೆ ಗಂಟುಮೂಟೆ ಹೇರಿಕೊಂಡ ನಮ್ಮ ಬಾಡಿಗೆ ಕಾರಿನ ಭದ್ರತೆ ಎಷ್ಟೆಂದು ಹೇಳಬೇಕಾಗಿಲ್ಲ.

ಎರಡನೆಯ ಕಾರಣ ನಿಂತ ಲಾರಿ. ಓಡುವ ಲಾರಿಗೆ ಹೆದರುವ ನಾವು ನಿಂತ ಲಾರಿಗೆ ಹೆದರುವುದಿಲ್ಲ. 2024ರ ಜೂನ್ 28ರ ಬೆಳಗಿನ ಜಾವ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನಲ್ಲಿ, ಪುಣೆ ಬೆಂಗಳೂರು ಹೆದ್ದಾರಿಯ ಮೇಲೆ, ದೇವರ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದ ಭದ್ರಾವತಿ ತಾಲ್ಲೂಕಿನವರ ಟೆಂಪೋ ಹೋಗಿ ಹೊಡೆದದ್ದು ನಿಂತಿದ್ದ ಲಾರಿಗೆ. ಹದಿಮೂರು ಜನ ಸತ್ತರು. ನಮ್ಮ ಕೊಲ್ಲಾಪುರ, ಬೆಳಗಾವಿ, ಹುಬ್ಬಳ್ಳಿಯ ದಾರಿ ಇದೇ ರಸ್ತೆಯಲ್ಲಿದೆ ಎಂಬುದನ್ನು ಓದುಗರು ಗಮನಿಸಬೇಕು.

ನಿಂತ ಲಾರಿ ಏಕೆ ಇಷ್ಟು ಕೊಲ್ಲುತ್ತದೆ? ಲಾರಿಯ ಹಿಂದಿನ ಹಲಗೆ ಕಾರಿನ ಮೂತಿಗಿಂತ ಎತ್ತರದಲ್ಲಿರುತ್ತದೆ. ಕಾರು ಹೊಡೆದಾಗ ಅದರ ಎಂಜಿನು, ಬಂಪರು ಎಲ್ಲ ಲಾರಿಯ ಅಡಿಗೆ ನುಗ್ಗುತ್ತವೆ. ಹಲಗೆ ನೇರವಾಗಿ ಗಾಜಿಗೆ, ಗಾಜಿನ ಹಿಂದಿನ ತಲೆಗಳಿಗೆ ತಗಲುತ್ತದೆ. ಇದನ್ನು ತಡೆಯುವುದಕ್ಕಾಗಿಯೇ ಲಾರಿಯ ಹಿಂದೆ ಕೆಳಗಡೆ ಒಂದು ಗಟ್ಟಿ ಅಡ್ಡಪಟ್ಟಿ ಇರತಕ್ಕದ್ದೆಂದು ನಿಯಮವಿದೆ; ಅದು ನೆಲದಿಂದ 55 ಸೆಂಟಿಮೀಟರಿಗಿಂತ ಮೇಲಿರಬಾರದು. ಹಿಂದೆ ಕೆಂಪು, ಪಕ್ಕದಲ್ಲಿ ಹಳದಿ, ಮುಂದೆ ಬಿಳಿ ಹೊಳೆಯುವ ಪಟ್ಟಿ ಅಂಟಿಸಬೇಕೆಂದೂ ನಿಯಮವಿದೆ. ಕಬ್ಬಿಣದ ಸಲಾಕೆಗಳನ್ನು ಹಿಂದಕ್ಕೆ ಚಾಚಿಕೊಂಡು ಹೋಗುವುದನ್ನು 2014ರಲ್ಲಿಯೇ ನಿಷೇಧಿಸಲಾಗಿದೆ. ಈ ನಿಯಮಗಳನ್ನೆಲ್ಲ ಕೈಯಲ್ಲಿ ಹಿಡಿದುಕೊಂಡು ಯಾವ ಹೆದ್ದಾರಿಯಲ್ಲಿಯಾದರೂ ಒಂದು ರಾತ್ರಿ ನಿಂತು ನೋಡಿರಿ. ಬಾಗಿದ ಅಡ್ಡಪಟ್ಟಿ, ಧೂಳು ಮುಚ್ಚಿದ ಹೊಳಪು, ಕೆಟ್ಟ ದೀಪ, ಗುರುತಿಗೆ ಒಂದು ಮರದ ಕೊಂಬೆ ಅಥವಾ ನಾಲ್ಕು ಕಲ್ಲು, ಇಷ್ಟೇ ಕಾಣುತ್ತದೆ. ಹೊಸ ಲಾರಿಗೆ ಸರ್ಟಿಫಿಕೇಟು ಕೊಡುವಾಗ ಇದ್ದ ಪಟ್ಟಿ ಮೂರು ವರ್ಷದ ಮೇಲೆ ಇದೆಯೇ ಎಂದು ನೋಡುವವರು ಯಾರು?

ಮೂರನೆಯ ಕಾರಣವೇ ಎಲ್ಲಕ್ಕಿಂತ ದೊಡ್ಡದು, ಮತ್ತು ಕಾರ್ಮಿಕರ ಪತ್ರಿಕೆಯಾದ ನಾವು ಹೇಳದಿದ್ದರೆ ಬೇರೆಯವರು ಹೇಳಲಾರರು. ಅದು ನಿದ್ದೆ. ಅಪಘಾತವಾದೊಡನೆ ಊರ ಜನ ಲಾರಿಯ ಡ್ರೈವರನನ್ನು ಹುಡುಕುತ್ತಾರೆ. ಸಿಕ್ಕಿದರೆ ಹೊಡೆಯುತ್ತಾರೆ, ಸಿಗದಿದ್ದರೆ ಓಡಿಹೋದನೆಂದು ಬೈಯುತ್ತಾರೆ. ಕುಡಿದು ಓಡಿಸಿದವನನ್ನು, ಎದುರು ದಿಕ್ಕಿನಲ್ಲಿ ನುಗ್ಗಿಸಿದವನನ್ನು ನಾವು ಸಮರ್ಥಿಸುವುದಿಲ್ಲ. ಅಂಥವನು ಶಿಕ್ಷೆಗೆ ಅರ್ಹ. ಆದರೆ ಆ ಸ್ಟಿಯರಿಂಗ್ ಹಿಡಿದವನು ಎಷ್ಟು ಗಂಟೆಯಿಂದ ಎಚ್ಚರವಾಗಿದ್ದ ಎಂದು ಯಾರೂ ಕೇಳುವುದಿಲ್ಲ. ಸೇವ್ ಲೈಫ್ ಫೌಂಡೇಶನ್ ಎಂಬ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಲಾರಿ ಡ್ರೈವರನು ದಿನಕ್ಕೆ ಸರಾಸರಿ ಸುಮಾರು ಹನ್ನೆರಡು ಗಂಟೆ ಗಾಡಿ ಓಡಿಸುತ್ತಾನೆ. ಆಯಾಸವಾಗಿದ್ದರೂ ನಿದ್ದೆ ಬರುತ್ತಿದ್ದರೂ ಓಡಿಸುತ್ತೇವೆಂದು ಅವರಲ್ಲಿ ಸುಮಾರು ಅರ್ಧ ಮಂದಿ ಒಪ್ಪಿಕೊಂಡರು.

ಕಾಯಿದೆ ಏನೆನ್ನುತ್ತಿತ್ತು? 1961ರಲ್ಲಿಯೇ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ಬಂದಿತು. ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ, ಐದು ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ವಿಶ್ರಾಂತಿ ಎಂದು ಅದರಲ್ಲಿ ಬರೆದಿತ್ತು. ದೂರದ ದಾರಿಗೆ ದಿನಕ್ಕೆ ಹತ್ತು ಗಂಟೆಯವರೆಗೆ ಸಡಿಲಿಕೆಯಿತ್ತು. ಆದರೆ ಐದು ಮಂದಿಗಿಂತ ಕಡಮೆ ಕೆಲಸಗಾರರಿದ್ದಲ್ಲಿ ಅದು ತಾನಾಗಿ ಅನ್ವಯಿಸುತ್ತಿರಲಿಲ್ಲ. ನಮ್ಮ ದೇಶದ ಲಾರಿಗಳಲ್ಲಿ ಬಹುಪಾಲು ಒಂದೆರಡು ಲಾರಿಗಳ ಸಣ್ಣ ಧಣಿಗಳವು. ಕಾಯಿದೆ ಒಂದು ದಾರಿಯಲ್ಲಿ, ಲಾರಿ ಒಂದು ದಾರಿಯಲ್ಲಿ ಹೋದವು. ಈಗ ಆ ಹಳೆಯ ಕಾಯಿದೆಯನ್ನು 2020ರ ಹೊಸ ಸಂಹಿತೆಯೊಳಗೆ ಸೇರಿಸಿ, 2025ರ ನವೆಂಬರ್ 21ರಿಂದ ಜಾರಿಗೆ ತಂದಿದ್ದಾರೆ. ಎಂಟು ಗಂಟೆ ಎಂಬ ಮಾತು ಕಾಗದದಿಂದ ರಸ್ತೆಗೆ ಇಳಿಯುವವರೆಗೆ ನಾವು ಯಾವ ಹೆಸರಿಗೂ ಚಪ್ಪಾಳೆ ತಟ್ಟಲಾರೆವು.

ಇಳಿಜಾರಿನ ಕಥೆಯೂ ಇದೇ. ಪುಣೆಯ ಕಾತ್ರಜದ ಹೊಸ ಸುರಂಗದಿಂದ ನವಲೆ ಸೇತುವೆಯವರೆಗಿನ ಇಳಿಜಾರು ನಮ್ಮವರಿಗೆಲ್ಲ ಗೊತ್ತು. 2022ರ ನವೆಂಬರಿನಲ್ಲಿ ಅಲ್ಲಿ ಒಂದು ಭಾರೀ ಗಾಡಿ ಹತ್ತಾರು ವಾಹನಗಳನ್ನು ಸಾಲಾಗಿ ಗುದ್ದಿಕೊಂಡು ಹೋಯಿತು. 2025ರ ನವೆಂಬರ್ 13ರಂದು ಅದೇ ಜಾಗದಲ್ಲಿ ಒಂದು ಕಾರು ಎರಡು ಭಾರೀ ಲಾರಿಗಳ ನಡುವೆ ಸಿಕ್ಕಿ ಅಪ್ಪಚ್ಚಿಯಾಗಿ ಬೆಂಕಿ ಹತ್ತಿತು, ಒಳಗಿದ್ದವರು ಉಳಿಯಲಿಲ್ಲ. ಡೀಸೆಲು ಉಳಿಸಲು ಇಳಿಜಾರಿನಲ್ಲಿ ಗೇರು ತೆಗೆದು ನ್ಯೂಟ್ರಲಿನಲ್ಲಿ ಬಿಡುವ ಚಾಳಿ ಬಹಳ ಡ್ರೈವರರಲ್ಲಿದೆ. ಹಾಗೆ ಮಾಡಿದರೆ ಇಡೀ ತೂಕವನ್ನು ಬ್ರೇಕೊಂದೇ ಹೊರಬೇಕು. ಅದು ಕಾದು ಹಿಡಿತ ತಪ್ಪುತ್ತದೆ. ಡ್ರೈವರನ ತಪ್ಪೆಂದು ಬರೆದು ಮುಗಿಸುವುದು ಸುಲಭ. ಒಂದು ಟ್ರಿಪ್ಪಿಗೆ ಇಂತಿಷ್ಟೇ ಡೀಸೆಲು, ಹೆಚ್ಚಾದರೆ ನಿನ್ನ ಕೈಯಿಂದ ಎಂದು ಲೆಕ್ಕ ಕಟ್ಟುವ ಧಣಿಯ ಹೆಸರು ಪೊಲೀಸರ ಕಾಗದದಲ್ಲಿ ಎಲ್ಲಿ ಬರುತ್ತದೆ? ಕಪ್ಪು ಒಡೆದರೆ ಸಂಬಳದಲ್ಲಿ ಮುರಿಯುವುದನ್ನು ಕಂಡ ನಮಗೆ ಈ ಲೆಕ್ಕ ಹೊಸದಲ್ಲ.

ಸರಕಾರಕ್ಕೆ ಶಿಕ್ಷೆಯನ್ನು ಹೆಚ್ಚಿಸುವುದೊಂದೇ ದಾರಿಯಾಗಿ ತೋರಿತು. ಗುದ್ದಿ ತಿಳಿಸದೆ ಓಡಿಹೋದವನಿಗೆ ಹತ್ತು ವರ್ಷದವರೆಗೆ ಸೆರೆವಾಸ ಎಂದು ಹೊಸ ದಂಡಸಂಹಿತೆಯಲ್ಲಿ ಬರೆದಾಗ 2024ರ ಜನವರಿ ಮೊದಲಲ್ಲಿ ಲಾರಿ ಡ್ರೈವರರು ದೇಶದಾದ್ಯಂತ ಗಾಡಿ ನಿಲ್ಲಿಸಿದರು. ಅದೇ ವರ್ಷ ಜುಲೈ 1ರಂದು ಸಂಹಿತೆ ಜಾರಿಗೆ ಬಂದಾಗ ಆ ಉಪವಿಧಿಯನ್ನು ಮಾತ್ರ ತಡೆಹಿಡಿಯಲಾಯಿತು. ಸೆರೆಮನೆಯ ಭಯದಿಂದ ನಿದ್ದೆ ತಡೆಯಬಹುದೆಂದು ನಂಬುವವರು ಎರಡು ರಾತ್ರಿ ಭಟ್ಟಿಯ ಮುಂದೆ ನಿಂತು ನೋಡಲಿ. ಇಷ್ಟರ ನಡುವೆ ಒಂದು ಒಳ್ಳೆಯ ಕೆಲಸವೂ ಆಗಿದೆ: 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳಲ್ಲಿ ಡ್ರೈವರನ ಕ್ಯಾಬಿನಿಗೆ ತಂಪುಗಾಳಿಯ ಯಂತ್ರ ಕಡ್ಡಾಯ. ತಂಪು ಬಂತು, ಸಂತೋಷ; ಇನ್ನು ನಿದ್ದೆಯೂ ಬರಬೇಕು.

ಮುಂಬಯಿಯ ಗಿರಣಿ ಕಾರ್ಮಿಕರು ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳ್ತನದಲ್ಲಿ ಹೋರಾಡಿ 1890ರಲ್ಲಿ ಭಾನುವಾರದ ರಜೆಯನ್ನು ಪಡೆದರು. ಅದಕ್ಕೆ ಮೊದಲು ಏಳು ದಿನವೂ ಯಂತ್ರದ ಮುಂದೆ ನಿಂತವನ ಬೆರಳು ಹೋದರೆ ಅವನ ಅಜಾಗ್ರತೆ ಎನ್ನುತ್ತಿದ್ದರು. ವಿಶ್ರಾಂತಿಯೂ ಕೂಲಿಯ ಭಾಗವೆಂದು ಮೊದಲು ಕಲಿಸಿದವರು ಗಿರಣಿಯವರು. ಇಂದು ಆ ಗಿರಣಿಗಳಲ್ಲಿ ಬಹುತೇಕ ಮುಚ್ಚಿಹೋಗಿವೆ. ಅವರು ಕಲಿಸಿದ ಪಾಠ ಮುಚ್ಚಿಹೋಗಬಾರದು. ಲಾರಿಯ ಡ್ರೈವರನಿಗೆ ಭಾನುವಾರವೂ ಇಲ್ಲ, ರಾತ್ರಿಯೂ ಇಲ್ಲ.

ನಮ್ಮ ಮಾಲೀಕರಿಗೂ ಇಲ್ಲಿ ಒಂದು ಮಾತಿದೆ. ರಜೆ ಎಂದರೆ ರಾತ್ರಿ ಹನ್ನೆರಡರವರೆಗೆ ದುಡಿದು ಹೊರಡುವುದೆಂಬ ಪದ್ಧತಿಯನ್ನು ಮಾಡಿದವರು ಯಾರು? ಹೊರಡುವ ದಿನ ಮಧ್ಯಾಹ್ನವೇ ಬಿಟ್ಟರೆ, ಇಲ್ಲವೆ ಆ ರಾತ್ರಿ ಮಲಗಿ ಬೆಳಗಾದ ಮೇಲೆ ಹೊರಡಲು ಆ ದಿನವನ್ನು ಸಂಬಳ ಸಹಿತ ಕೊಟ್ಟರೆ, ಯಾವ ಗಲ್ಲೆಯೂ ಬರಿದಾಗುವುದಿಲ್ಲ. ಹಾಗೆಯೇ ಊರಿನಿಂದ ಬೆಳಗ್ಗೆ ಬಂದು ಇಳಿದವನನ್ನು ಹತ್ತು ಗಂಟೆಗೆ ಕಾದ ಎಣ್ಣೆಯ ಬಾಣಲೆಯ ಮುಂದೆ ನಿಲ್ಲಿಸುವುದೂ ಅಪಘಾತವನ್ನು ಕರೆದಂತೆಯೇ. ಹೋಗುವಾಗ ಒಂದು ದಿನ, ಬರುವಾಗ ಒಂದು ದಿನ ವಿಶ್ರಾಂತಿ ಕೊಡಬೇಕೆಂಬುದನ್ನು ನಮ್ಮ ಬೇಡಿಕೆಗಳ ಪಟ್ಟಿಯಲ್ಲಿ ಸೇರಿಸತಕ್ಕದ್ದೆಂದು ನಾವು ಸಂಘದ ಮುಂದೆ ಇಡುತ್ತೇವೆ.

ಇನ್ನು ನಮ್ಮ ಬಂಧುಗಳಿಗೆ ನಾವು ಹೇಳುವುದು.

ಸಾಧ್ಯವಾದಷ್ಟು ರೈಲಿನಲ್ಲಿ ಹೋಗಿರಿ. ಕೊಂಕಣ ರೈಲು 1998ರಿಂದ ಪೂರ್ತಿ ಓಡುತ್ತಿದೆ. ಅರವತ್ತು ದಿನ ಮೊದಲು ಟಿಕೆಟು ತೆರೆಯುತ್ತದೆ. ಒಂದು ಹೋಟೆಲಿನವರೆಲ್ಲ ಸೇರಿ, ಅಕ್ಷರ ಬಲ್ಲ ಒಬ್ಬನಿಗೆ ಆ ಕೆಲಸ ವಹಿಸಿರಿ. ಕಾರಿನಲ್ಲೇ ಹೋಗಬೇಕಾದರೆ ಬೆಳಗ್ಗೆ ಬೆಳಕು ಹರಿದ ಮೇಲೆ ಹೊರಡಿರಿ. ರಾತ್ರಿ ಎರಡರಿಂದ ಬೆಳಗಿನ ಐದರವರೆಗೆ ಮನುಷ್ಯನ ದೇಹವೇ ನಿದ್ದೆಯನ್ನು ಬೇಡುತ್ತದೆ. ಗಂಟೆಗೆ 80 ಕಿಲೋಮೀಟರು ಓಡುವ ಕಾರಿನಲ್ಲಿ ನಾಲ್ಕು ಸೆಕೆಂಡು ಕಣ್ಣು ಮುಚ್ಚಿದರೆ ಕಾರು ಸುಮಾರು 90 ಮೀಟರು ತಾನಾಗಿ ಓಡಿರುತ್ತದೆ. ಚಹಾ ಕುಡಿದರೆ ನಿದ್ದೆ ಹೋಗುತ್ತದೆಂಬುದನ್ನು ಚಹಾ ಮಾರುವ ನಾವೇ ನಂಬಬಾರದು. ಗಾಡಿ ನಿಲ್ಲಿಸಿ ಮಲಗುವುದೊಂದೇ ಮದ್ದು. ಡ್ರೈವರನು ಬಂದೊಡನೆ, "ಅಣ್ಣಾ, ನಿನ್ನೆ ರಾತ್ರಿ ಎಷ್ಟು ಹೊತ್ತು ಮಲಗಿದ್ದೀರಿ?" ಎಂದು ಕೇಳಲು ಸಂಕೋಚಪಡಬೇಡಿರಿ. ಅವನ ಊಟ, ಅವನ ನಿದ್ದೆ ಆ ಪ್ರಯಾಣದ ಖರ್ಚಿನಲ್ಲಿ ಸೇರಿರಲಿ.

ಹಿಂದಿನ ಸೀಟಿನವರೂ ಬೆಲ್ಟು ಕಟ್ಟಿರಿ. ಕಾಯಿದೆಯೂ ಹಾಗೆಯೇ ಹೇಳುತ್ತದೆ, ತಪ್ಪಿದರೆ ಸಾವಿರ ರೂಪಾಯಿ ದಂಡ. 2022ರ ಸೆಪ್ಟೆಂಬರ್ 4ರಂದು ಪಾಲಘರದ ಹತ್ತಿರ ಕಾರು ಸೇತುವೆಯ ಗೋಡೆಗೆ ಹೊಡೆದು ಉದ್ಯಮಿ ಸೈರಸ್ ಮಿಸ್ತ್ರಿಯವರು ಸತ್ತಾಗ, ಮುಂದೆ ಕುಳಿತ ಇಬ್ಬರು ಬದುಕಿದರು, ಬೆಲ್ಟಿಲ್ಲದೆ ಹಿಂದೆ ಕುಳಿತ ಇಬ್ಬರು ಸತ್ತರು. ಅಲ್ಲಿ ಲಾರಿಯಿರಲಿಲ್ಲ, ಗೋಡೆಯಿತ್ತು. ಲಾರಿಯೂ ಕಾರಿಗೆ ಗೋಡೆಯೇ.

ಲಾರಿಯ ಬೆನ್ನಿಗೆ ಅಂಟಿಕೊಂಡು ಹೋಗಲು ಡ್ರೈವರನಿಗೆ ಬಿಡಬೇಡಿರಿ. ಮುಂದಿನ ಲಾರಿಯ ಕನ್ನಡಿ ನಮಗೆ ಕಾಣದಿದ್ದರೆ ನಾವೂ ಅದರ ಡ್ರೈವರನಿಗೆ ಕಾಣುತ್ತಿಲ್ಲವೆಂದೇ ಅರ್ಥ. ಲಾರಿಯನ್ನು ದಾಟಿ ಅದರ ಮೂತಿಯ ಮುಂದೆಯೇ ತಟ್ಟನೆ ಬ್ರೇಕು ಹಾಕಬಾರದು; ಅಷ್ಟು ತೂಕ ಅಷ್ಟು ಬೇಗ ನಿಲ್ಲುವುದಿಲ್ಲ. ಗಾಡಿ ಕೆಟ್ಟರೆ ರಸ್ತೆಯಿಂದ ಪೂರ್ತಿ ಹೊರಗೆ ನಿಲ್ಲಿಸಿ, ದೀಪ ಹಚ್ಚಿ, ಎಲ್ಲರೂ ಇಳಿದು ದೂರ ನಿಲ್ಲಿರಿ.

ಇಷ್ಟೆಲ್ಲ ಮಾಡಿದರೂ ಕೇಡು ಬಂದರೆ ಕೈಕಟ್ಟಿ ಕೂರಬಾರದು. 112 ಅಥವಾ ಹೆದ್ದಾರಿಯ 1033 ನಂಬರಿಗೆ ಫೋನು ಮಾಡಿರಿ. ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸಿದವರಿಗೆ 2019ರ ತಿದ್ದುಪಡಿಯಿಂದ ಕಾಯಿದೆಯ ರಕ್ಷಣೆಯಿದೆ. 2025ರ ಮೇ ತಿಂಗಳಿನಿಂದ ಗೊತ್ತಾದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ ಒಂದೂವರೆ ಲಕ್ಷ ರೂಪಾಯಿಯ ಚಿಕಿತ್ಸೆಯನ್ನು ಹಣ ಕಟ್ಟಿಸಿಕೊಳ್ಳದೆ ಕೊಡುವ ಯೋಜನೆ ಬಂದಿದೆ. ಗುದ್ದಿದ ಲಾರಿ ಯಾವುದೆಂದು ತಿಳಿಯದೇ ಹೋದರೂ ಸತ್ತವನ ಮನೆಯವರಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ ಐವತ್ತು ಸಾವಿರ ಪರಿಹಾರ 2022ರ ಏಪ್ರಿಲಿನಿಂದ ಇದೆ. ಲಾರಿ ಗೊತ್ತಿದ್ದರೆ ಮೋಟಾರು ಅಪಘಾತ ಪರಿಹಾರದ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಅಪಘಾತ ಎಲ್ಲಿಯೇ ಆಗಿರಲಿ, ಅರ್ಜಿದಾರರು ವಾಸವಾಗಿರುವ ಊರಿನಲ್ಲಿಯೇ ಹಾಕಬಹುದು. ಆರು ತಿಂಗಳೊಳಗೆ ಹಾಕಬೇಕೆಂದು ಕಾಯಿದೆ ಹೇಳುತ್ತದೆ. ಆದಕಾರಣ ಹನ್ನೆರಡನೆಯ ದಿನದ ಕಾರ್ಯ ಮುಗಿದ ಮೇಲೆ ತಡಮಾಡದಿರಿ. ಸಂಬಳದ ಚೀಟಿಯಿಲ್ಲದವನ ಜೀವಕ್ಕೆ ಬೆಲೆ ಕಟ್ಟುವಾಗ ವಿಮಾ ಕಂಪನಿಗಳ ವಕೀಲರು ಚೌಕಾಸಿ ಮಾಡುತ್ತಾರೆ. ಇದಕ್ಕಾಗಿಯೂ ಮಾಲೀಕರಿಂದ ತಿಂಗಳು ತಿಂಗಳು ಸಂಬಳದ ಚೀಟಿಯನ್ನು ಕೇಳಿ ಪಡೆಯಿರಿ.

ಸರಕಾರದಿಂದ ನಾವು ಕೇಳುವುದು ಹೆಚ್ಚೇನಲ್ಲ. ಹೆದ್ದಾರಿಯ ಪಕ್ಕದಲ್ಲಿ ಲಾರಿ ನಿಲ್ಲಿಸಿ ಮಲಗಲು ದೀಪ, ನೀರು, ಕಾವಲಿರುವ ಜಾಗ ಕೊಡಲಿ. ಜಾಗವಿಲ್ಲದವನು ರಸ್ತೆಯ ಮೇಲೆ ನಿಲ್ಲಿಸದೆ ಇನ್ನೇನು ಮಾಡಿಯಾನು? ಟೋಲಿನ ಕಟ್ಟೆಯಲ್ಲಿ ಹಣ ತೆಗೆದುಕೊಳ್ಳುವಷ್ಟೇ ಶ್ರದ್ಧೆಯಿಂದ ಲಾರಿಯ ಹಿಂದಿನ ಅಡ್ಡಪಟ್ಟಿ, ದೀಪಗಳನ್ನು ನೋಡಲಿ. ಒಂದು ಲಾರಿಯ ಧಣಿಯಿರಲಿ, ನೂರು ಲಾರಿಯ ಧಣಿಯಿರಲಿ, ಡ್ರೈವರನ ದುಡಿಮೆಯ ಗಂಟೆಯನ್ನು ಎಣಿಸಲಿ. ಮೀರಿದರೆ ಧಣಿಯನ್ನು, ಅವಸರ ಮಾಡಿದ ಸರಕಿನ ಯಜಮಾನನನ್ನು ಕೇಳಲಿ.

ಲಾರಿಯವನೂ ನಾವೂ ಬೇರೆ ಬೇರೆ ಜಾತಿಯ ಜನರಲ್ಲ. ಅವನು ತಂದ ಅಕ್ಕಿಯಿಂದ ನಾವು ಇಡ್ಲಿ ಹಾಕುತ್ತೇವೆ. ನಮ್ಮಂಥವರು ಬಡಿಸಿದ್ದನ್ನು ದಾರಿಯಲ್ಲಿ ಅವನು ಉಣ್ಣುತ್ತಾನೆ. ಅವನಿಗೆ ನಿದ್ದೆ ಸಿಗಲೆಂದು ಕೇಳುವುದು ನಮ್ಮ ಪ್ರಾಣವನ್ನು ಉಳಿಸಿಕೊಳ್ಳುವ ದಾರಿಯೂ ಹೌದು. ಈ ಸಾರಿ ಊರಿಗೆ ಹೋಗುವ ಪ್ರತಿಯೊಬ್ಬ ಬಂಧುವೂ ಹೊರಡುವ ಮೊದಲು ಒಂದು ರಾತ್ರಿ ಮಲಗಲಿ. ಅದಕ್ಕೆ ರಜೆ ಕೊಡಲು ಒಪ್ಪದ ಮಾಲೀಕರಿದ್ದರೆ ಸಂಘದ ಕಚೇರಿಗೆ ಬಂದು ತಿಳಿಸಲಿ. ಮಾತಾಡಲು ನಾವು ಬರುತ್ತೇವೆ.